ಟೇಲರ್ ಸಾಹೇಬನ ಆತ್ಮಕತೆ ಮತ್ತು ಎರಡು ಸೆಪ್ಟೆಂಬರ್ 17

ಒಂದು ಸೆಪ್ಟೆಂಬರ್ 17ರ ಸಂಜೆ. ಟೀಮ್ ಕಾಲ್ ಶುರುವಾಗೋಕೆ ಇನ್ನೂ ಎರಡು ನಿಮಿಷ ಇತ್ತು. ಅಮೆರಿಕದ ಸಹೋದ್ಯೋಗಿ ಒಬ್ಬರು, ಇವತ್ತು ನಮ್ಮ ಸಂವಿಧಾನ ದಿನ, ಮಗಳ ಶಾಲೆಯಲ್ಲಿ ಅದರದ್ದೇ ಪ್ರಾಜೆಕ್ಟು, ರಾತ್ರಿಯಿಡೀ ಅಂಟಿಸ್ತಾ ಕೂತಿದ್ದೆ ಅಂದರು. ಅದೇ ದಿನ ಬೆಳಿಗ್ಗೆ ಊರಿಂದ ನಮ್ಮ ಕಾಕಾ ಫೋನ್ ಮಾಡಿದ್ದರು. "ಝಂಡಾ ಏರಿಸಿ ಬಂದ್ವಿ ನೋಡಪಾ. ಇವತ್ತೇ ನಮಗ ಖರೇ ಸ್ವಾತಂತ್ರ್ಯ ಬಂದ ದಿನ. ನಿಮ್ಮ ಬೆಂಗಳೂರಾಗ ಯಾರಿಗರ ನೆನಪದ ಏನು?"

ಬೆಂಗಳೂರಲ್ಲಿ ಯಾರಿಗೂ ನೆನಪಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನವರಿಗೆ ಸ್ವಾತಂತ್ರ್ಯ ಅಂದರೆ ಆಗಸ್ಟ್ 15, ಅಷ್ಟೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಹುಟ್ಟಿದವರಿಗೆ ಮಾತ್ರ ಇನ್ನೊಂದು ತಾರೀಖು ಇದೆ. 1947ರ ಆಗಸ್ಟ್ 15ಕ್ಕೆ ನಾವು ಹೈದರಾಬಾದ್ ನಿಜಾಮನ ಪ್ರಜೆಗಳಾಗಿಯೇ ಇದ್ದೆವು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದ.

ಅಮೆರಿಕದವರ ಸೆಪ್ಟೆಂಬರ್ 17 ಬೇರೆ. 1787ರ ಅವತ್ತು ಫಿಲಡೆಲ್ಫಿಯಾದ ಒಂದು ಸಭಾಂಗಣದಲ್ಲಿ 39 ಜನ ಹೊಸ ಸಂವಿಧಾನಕ್ಕೆ ಸಹಿ ಹಾಕಿದರು. ನಡುವೆ 161 ವರ್ಷ. ಒಂದು ಕಡೆ ಪೆನ್ನು, ಇನ್ನೊಂದು ಕಡೆ ಟ್ಯಾಂಕು. ಆದರೆ ಎರಡೂ ದಿನ ತೀರ್ಮಾನ ಆಗಿದ್ದು ಒಂದೇ ಪ್ರಶ್ನೆ: ದೂರದ ದೊಡ್ಡ ಸರ್ಕಾರಕ್ಕೆ ಎಷ್ಟು ಬಲ ಇರಬೇಕು?

ಕಾಲ್ ಮುಗಿದ ಮೇಲೆ ನಾನು ಅರ್ಧ ಓದಿ ಬಿಟ್ಟಿದ್ದ ಒಂದು ಪುಸ್ತಕ ಮತ್ತೆ ಹಿಡಿದೆ. ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕತೆ, 'ದಿ ಸ್ಟೋರಿ ಆಫ್ ಮೈ ಲೈಫ್'. ಸುರಪುರದವರಿಗೆ ಈತ ಟೇಲರ್ ಸಾಹೇಬ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಇನ್ನೂ ನಿಂತಿದೆ. ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮನ್ನು ಟ್ರಿಪ್ ಅಂತ ಅಲ್ಲಿಗೆ ಕರಕೊಂಡು ಹೋಗಿದ್ದರು. ಅವತ್ತು ನನಗೆ ನೆನಪುಳಿದಿದ್ದು ಗಾಳಿ ಮತ್ತು ಮಾಸ್ತರರು ಹೇಳಿದ ಒಂದು ಮಾತು: "ಈ ಸಾಹೇಬಗ ನಮ್ಮ ರಾಜಾ 'ಅಪ್ಪಾ' ಅಂತಿದ್ದ."

ಈ ಆತ್ಮಕತೆಯನ್ನು ಹೊಗಳುವವರು ಬಹಳ. ಒಳ್ಳೆ ಬಿಳಿಯ, ಜನಸ್ನೇಹಿ ಅಧಿಕಾರಿ, ನಮ್ಮ ಭಾಗವನ್ನು ಪ್ರೀತಿಸಿದವ ಅಂತ. ತೆಗಳುವವರೂ ಇದ್ದಾರೆ. ಎಷ್ಟಂದ್ರೂ ಕಂಪನಿಯ ಮನುಷ್ಯ, ರಾಜನನ್ನು ಸಾವಿಗೆ ದಾಟಿಸಿದವ ಅಂತ. ನನಗೆ ಎರಡೂ ಸಾಲದು ಅನ್ನಿಸ್ತದೆ. ಗಟ್ಟಿ ಕೇಂದ್ರ ಒಳ್ಳೇದು ಅನ್ನುವ ವಾದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನಾನು ಓದಿಲ್ಲ. ಆ ವಾದ ಎಲ್ಲಿ ಮುರೀತದೆ ಅನ್ನೋದಕ್ಕೂ ಇದೇ ಪುಸ್ತಕ ಸಾಕ್ಷಿ. ಎರಡನೇದು ಬರೆದವನಿಗೇ ಗೊತ್ತಾಗಿಲ್ಲ.

ಮೊದಲು ಕತೆ. ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವ. ಹದಿನೈದರ ವಯಸ್ಸಿಗೆ ಇಂಡಿಯಾಕ್ಕೆ ಬಂದು ನಿಜಾಮನ ಸೈನ್ಯದ ನೌಕರಿಗೆ ಸೇರಿದ. ಠಗ್ಗರ ಬಗ್ಗೆ ಬರೆದ ಕಾದಂಬರಿಯಿಂದ 1839ರಲ್ಲಿ ಇಂಗ್ಲೆಂಡಿನಲ್ಲಿ ಹೆಸರಾದ. 1841ರ ಹೊತ್ತಿಗೆ ಅವನನ್ನು ಸುರಪುರಕ್ಕೆ ಕಳಿಸಿದರು. ಆತ್ಮಕತೆ ಅಚ್ಚಾಗಿದ್ದು ಅವನು ಸತ್ತ ಮರುವರ್ಷ, 1877ರಲ್ಲಿ. ಮಗಳು ಆಲಿಸ್ ಅದನ್ನು ಸಂಪಾದಿಸಿದಳು.

ಆಗಿನ ಸುರಪುರ ಅಂದರೆ ಬೇಡ ನಾಯಕರ ಸಂಸ್ಥಾನ. ಸಣ್ಣದು, ಆದರೆ ಯಾರಿಗೂ ಸಲೀಸಾಗಿ ಬಗ್ಗಿದ್ದಲ್ಲ. 1705ರಲ್ಲಿ ಮುದುಕ ಔರಂಗಜೇಬ ಖುದ್ದು ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಬೇಕಾಯ್ತು. ಅದು ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ದಂಡಯಾತ್ರೆ. ಅಂಥ ಸಂಸ್ಥಾನ 1840ರ ಸುಮಾರಿಗೆ ಸಾಲದಲ್ಲಿ ಮುಳುಗಿತ್ತು. ಮೇಲೆ ನಿಜಾಮ ಕಪ್ಪ ಕೇಳ್ತಿದ್ದ, ಪಟ್ಟಕ್ಕೆ ಬರುವಾಗಿನ ನಜರಾಣೆ ಬೇರೆ. ಅದರ ಮೇಲೆ ಕಂಪನಿ. ಒಳಗೆ ದಾಯಾದಿ ಜಗಳ: ರಾಜ ತೀರಿಹೋಗಿದ್ದ, ಮಗ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಹುಡುಗ, ಅಧಿಕಾರಕ್ಕೆ ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಹುಡುಗನ ಕಾಕಾ ಪಿಡ್ಡ ನಾಯಕ.

ಟೇಲರ್ ಇಲ್ಲಿ ಹನ್ನೆರಡು ವರ್ಷ ಇದ್ದ. ಜಮೀನು ಅಳೆಸಿದ, ಕಂದಾಯ ಗೊತ್ತು ಮಾಡಿದ, ಸಾಲದ ಲೆಕ್ಕ ಹಿಡಿದ, ರಸ್ತೆ ಮಾಡಿಸಿದ. ಬೋನಾಳ ಕೆರೆಗೂ ಅವನ ಹೆಸರು ತಳಕು ಹಾಕಿಕೊಂಡಿದೆ. ಸರ್ವೆ, ಕಾನೂನು ಎಲ್ಲ ತಾನೇ ಓದಿ ಕಲಿತವ. ರಾಜನಕೋಳೂರು, ವಿಭೂತಿಹಳ್ಳಿ ಕಡೆಯ ಬೃಹತ್ ಶಿಲಾಯುಗದ ಕಲ್ಲುಗಳನ್ನು ಹೊರಗಿನ ಜಗತ್ತಿಗೆ ಮೊದಲು ತೋರಿಸಿದವರಲ್ಲಿ ಅವನೂ ಒಬ್ಬ. ಆ ಕಲ್ಲುಗಳ ನಡುವೆ ನಾವು ಹುಡುಗರು ದನ ಬಿಟ್ಟು ಆಡಿದವರು. ಅವು ಮೂರು ಸಾವಿರ ವರ್ಷ ಹಳೇವಿರಬಹುದು ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಮುಗಿದ ಮೇಲೆ, ಬೆಂಗಳೂರಲ್ಲಿ ಕೂತು ಓದಿದಾಗ. ಅಷ್ಟರ ಮಟ್ಟಿಗೆ ಸಾಹೇಬನ ಋಣ ನನ್ನ ಮೇಲಿದೆ.

ಸುರಪುರದ ಅಧ್ಯಾಯಗಳು ಓದೋಕೆ ತುಂಬಾ ಚೆನ್ನಾಗಿವೆ. ಬಾಗಿಲು ಹಾಕಿಕೊಂಡ ಕೋಟೆ, ಹಟಮಾರಿ ರಾಣಿ, ಬಂದೂಕು ಹಿಡಿದ ಬೇಡರು, ನಡುವೆ ಒಬ್ಬ ಸಾಹೇಬ ಮಾತಲ್ಲೇ ಎಲ್ಲ ಬಗೆಹರಿಸ್ತಾನೆ. ಆದರೆ ಎರಡನೇ ಸಲ ಓದುವಾಗ ಒಂದು ವಿಷಯ ಕಾಡಿತು. ಇಡೀ ಸುರಪುರ ಭಾಗದಲ್ಲಿ ಕ್ರಿಯಾಪದಗಳೆಲ್ಲ ಹೆಚ್ಚುಕಮ್ಮಿ 'ನಾನು'ಗೆ ಸೇರಿದವು. ನಾನು ಹೇಳಿದೆ, ನಾನು ಒಪ್ಪಿಸಿದೆ, ನಾನು ಲೆಕ್ಕ ನೋಡಿದೆ. ಊರಿನವರು ಬರ್ತಾರೆ, ದೂರು ಕೊಡ್ತಾರೆ, ಅಳ್ತಾರೆ, ಕೃತಜ್ಞರಾಗಿ ಹೋಗ್ತಾರೆ. ಅವರು ಕೂತು ಏನಾದರೂ ತೀರ್ಮಾನ ಮಾಡಿದ ಪುಟ ಹುಡುಕಿದೆ, ನನಗೆ ಸಿಗಲಿಲ್ಲ. ರಾಣಿ ಈಶ್ವರಮ್ಮ ತೀರ್ಮಾನ ಮಾಡ್ತಾಳೆ ನಿಜ. ಆದರೆ ಅವಳು ಮಾಡಿದ್ದೆಲ್ಲ ಅವನ ಕಣ್ಣಿಗೆ ಕುತಂತ್ರ. ಅವಳ ಕಡೆಯಿಂದ ಬರೆದ ಈ ಕತೆ ನಾನು ಓದಿಲ್ಲ.

ಸಾಫ್ಟ್‌ವೇರ್ ಕಂಪನಿಗಳಲ್ಲಿ 'ಬಸ್ ಫ್ಯಾಕ್ಟರ್' ಅನ್ನೋ ಮಾತಿದೆ. ಎಷ್ಟು ಜನ ಬಸ್ಸಿಗೆ ಸಿಕ್ಕರೆ ಪ್ರಾಜೆಕ್ಟ್ ನಿಂತುಹೋಗ್ತದೆ ಅನ್ನುವ ಲೆಕ್ಕ. ಎಲ್ಲ ಒಬ್ಬನ ತಲೆಯಲ್ಲೇ ಇದ್ದರೆ ಆ ಅಂಕೆ ಒಂದು. ಟೇಲರ್ ಕಾಲದ ಸುರಪುರದ ಬಸ್ ಫ್ಯಾಕ್ಟರ್ ಒಂದು. 1853ರಲ್ಲಿ ರಾಜ ಪ್ರಾಯಕ್ಕೆ ಬಂದ, ಸಾಹೇಬನಿಗೆ ನಳದುರ್ಗಕ್ಕೆ ವರ್ಗ ಆಯ್ತು. ಐದೇ ವರ್ಷದಲ್ಲಿ ಎಲ್ಲ ಕುಸಿಯಿತು. ಖಜಾನೆ ಖಾಲಿ, ಮತ್ತೆ ಸಾಲ, 1858ರ ಫೆಬ್ರವರಿಯಲ್ಲಿ ಯುದ್ಧ. ಟೇಲರ್ ಇದಕ್ಕೆ ಕೊಡುವ ಕಾರಣ ಹುಡುಗನ ದುಂದು, ಕೆಟ್ಟವರ ಸಹವಾಸ. ಹನ್ನೆರಡು ವರ್ಷದ ಆಡಳಿತ ಐದು ವರ್ಷ ಕೂಡ ಯಾಕೆ ಬಾಳಲಿಲ್ಲ ಅನ್ನುವ ಪ್ರಶ್ನೆಯನ್ನು ಅವನು ತನ್ನ ಕಡೆ ತಿರುಗಿಸಿಕೊಳ್ಳುವುದೇ ಇಲ್ಲ. ಪುಸ್ತಕದ ದೊಡ್ಡ ದೋಷ ಇದು.

ಅಮೆರಿಕದ ಆ 39 ಜನ ಮತ್ತು ಅವರನ್ನು ವಿರೋಧಿಸಿದವರು ಇಲ್ಲಿ ನೆನಪಾಗ್ತಾರೆ.

ಬ್ರಿಟಿಷರ ವಿರುದ್ಧ ಗೆದ್ದ ಹದಿಮೂರು ರಾಜ್ಯಗಳಿಗೆ 1781ರಿಂದ ಒಂದು ಒಪ್ಪಂದ ಇತ್ತು. ಕಾಂಗ್ರೆಸ್ ಅನ್ನೋದೊಂದು ಇತ್ತು, ಆದರೆ ಅದಕ್ಕೆ ತೆರಿಗೆ ಹಾಕುವ ಅಧಿಕಾರ ಇಲ್ಲ. ರಾಜ್ಯಗಳ ಹತ್ತಿರ ಕೇಳಬೇಕು, ಕೊಟ್ಟರೆ ಉಂಟು. ಒಪ್ಪಂದ ತಿದ್ದಬೇಕಂದ್ರೆ ಹದಿಮೂರೂ ಒಪ್ಪಬೇಕು. ಆಮದಿನ ಮೇಲೆ 5% ಸುಂಕ ಹಾಕೋಣ ಅಂದಾಗ ರೋಡ್ ಐಲ್ಯಾಂಡ್ ಅನ್ನುವ ಪುಟ್ಟ ರಾಜ್ಯ ಒಲ್ಲೆ ಅಂತು, ಯೋಜನೆ ಬಿತ್ತು. ಯುದ್ಧದ ಸಾಲ ತೀರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 1786ರಲ್ಲಿ ಸಾಲಗಾರ ರೈತರು ಡೇನಿಯಲ್ ಶೇಸ್ ಜೊತೆ ಎದ್ದು ಕೋರ್ಟುಗಳ ಬಾಗಿಲು ಮುಚ್ಚಿಸಿದರು.

ನಮ್ಮ ಕಡೆಯವರಿಗೆ ಥಟ್ಟನೆ ಅರ್ಥ ಆಗುವ ವಿಷಯ ಇನ್ನೊಂದಿದೆ. ಇದಕ್ಕೆಲ್ಲ ಪೀಠಿಕೆ ಹಾಕಿದ್ದು ಒಂದು ನದಿ. ಪೊಟೋಮ್ಯಾಕ್ ನದಿಯಲ್ಲಿ ಯಾರ ದೋಣಿ, ಯಾರ ಸುಂಕ ಅಂತ ವರ್ಜೀನಿಯಾ, ಮೇರಿಲ್ಯಾಂಡ್ ರಾಜ್ಯಗಳಿಗೆ ತಕರಾರು. 1785ರಲ್ಲಿ ವಾಷಿಂಗ್ಟನ್ ಮನೆಯಲ್ಲಿ ಕೂತು ಮಾತಾಡಿದರು. ಅದು ಬೆಳೆದು 1786ರಲ್ಲಿ ಅನಾಪೊಲಿಸ್ ಸಭೆ ಆಯ್ತು, ಅದರಿಂದ 1787ರ ಫಿಲಡೆಲ್ಫಿಯಾ. ಕೃಷ್ಣಾ ನೀರಿಗೆ ಟ್ರಿಬ್ಯುನಲ್ ಮೇಲೆ ಟ್ರಿಬ್ಯುನಲ್ ಕಂಡ ನಮಗೆ ಇದು ಪರಕೀಯ ಅನ್ನಿಸೋದಿಲ್ಲ.

ಸಹಿ ಬಿದ್ದ ಮೇಲೆ ನಿಜವಾದ ಜಗಳ ಶುರುವಾಯ್ತು. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ 'ಪಬ್ಲಿಯಸ್' ಅನ್ನೋ ಒಂದೇ ಗುಪ್ತನಾಮದಲ್ಲಿ 85 ಲೇಖನ ಬರೆದರು, ಬಹುಪಾಲು ನ್ಯೂಯಾರ್ಕಿನ ಪತ್ರಿಕೆಗಳಲ್ಲೇ ಬಂದವು. ಎದುರಿಗೆ 'ಬ್ರೂಟಸ್', 'ಫೆಡರಲ್ ಫಾರ್ಮರ್' ಮುಂತಾದ ಹೆಸರಲ್ಲಿ ಇನ್ನೊಂದು ಪಂಗಡ. ಎಲ್ಲ ಒಂಥರಾ ನಮ್ಮ ಹಾಗೆ ಬ್ಲಾಗ್ ಬರೆಯುವವರೇ, ವಾರಕ್ಕೊಂದೆರಡು ಅಂಕಣ, ಮರುವಾರ ಎದುರಾಳಿಯ ಉತ್ತರ.

ಬ್ರೂಟಸ್‌ನ ಆತಂಕ ಸರಳ. ದೇಶ ತೀರಾ ದೊಡ್ಡದಾದರೆ ಪ್ರತಿನಿಧಿಗೆ ಜನರ ಮುಖ ಪರಿಚಯ ಇರೋಲ್ಲ, ಜನರಿಗೆ ಅವನ ಮೇಲೆ ನಂಬಿಕೆ ಇರೋಲ್ಲ. ಆಗ ಕಾನೂನು ನಡೆಯೋದು ಸೈನ್ಯದ ಬಲದಿಂದ ಮಾತ್ರ. ಮ್ಯಾಡಿಸನ್ ಇದನ್ನೇ ತಿರುಗಿಸಿ ಹಾಕ್ತಾನೆ. ಸಣ್ಣ ಜಾಗದಲ್ಲಿ ಒಂದು ಗುಂಪು ಬಹುಮತ ಆಗಿಬಿಡೋದು ಸುಲಭ, ಆಗ ಉಳಿದವರ ಕತೆ ಮುಗೀತು. ದೊಡ್ಡ ಗಣರಾಜ್ಯದಲ್ಲಿ ಗುಂಪುಗಳು ಎಷ್ಟೋ ಇರೋದರಿಂದ ಯಾವ ಒಂದೂ ಸುಲಭಕ್ಕೆ ಎಲ್ಲರನ್ನೂ ತುಳಿಯೋಕಾಗಲ್ಲ. ಇಷ್ಟಾದರೂ ಕೇಂದ್ರದಲ್ಲಿ ದೇವತೆಗಳು ಕೂತಿರ್ತಾರೆ ಅಂತ ಅವನು ನಂಬೋದಿಲ್ಲ. ಅದಕ್ಕೇ ಒಬ್ಬರ ಮಹತ್ವಾಕಾಂಕ್ಷೆಗೆ ಇನ್ನೊಬ್ಬರದನ್ನು ಅಡ್ಡ ಇಡುವ ವ್ಯವಸ್ಥೆ ಬೇಕು ಅಂತಾನೆ. ಬ್ರೂಟಸ್ ಕಡೆಯವರು ಸೋತರೂ ಅವರ ಗಲಾಟೆಯ ಫಲವಾಗಿ 1791ರಲ್ಲಿ ಹಕ್ಕುಗಳ ಪಟ್ಟಿ ಸೇರಿತು.

ಈ ಎರಡು ಅಳತೆಗೋಲು ಹಿಡಿದು ಟೇಲರ್‌ನನ್ನು ಓದಿ. ಬ್ರೂಟಸ್ ಹೇಳುವ ದೂರದ ಅಧಿಕಾರಿ ಅವನು, ಆದರೆ ಒಳ್ಳೆಯವ. ಹಾಗಾಗಿ ಬ್ರೂಟಸ್ ಸುಳ್ಳು ಅನ್ನಿಸ್ತದೆ. ಆದರೆ ಮ್ಯಾಡಿಸನ್ ಪ್ರಕಾರ ಅವನು ಒಳ್ಳೆಯವನಾಗಿದ್ದೇ ಉತ್ತರ ಆಗೋಲ್ಲ. ಅವನನ್ನು ತಡೆಯುವವರು ಊರಲ್ಲಿ ಯಾರಿದ್ದರು? ಅವನ ನಂತರ ಬರುವವನನ್ನು? ಯಾರೂ ಇರಲಿಲ್ಲ. ಕೇಂದ್ರ ಸುರಪುರಕ್ಕೆ ಬಂದಿದ್ದು ಒಬ್ಬ ಮನುಷ್ಯನಾಗಿ, ಆ ಮನುಷ್ಯ ಹೋದಾಗ ಅದೂ ಹೋಯ್ತು. ಮತ್ತೆ ಬಂದಾಗ ತೋಪು ಹಿಡಕೊಂಡು ಬಂತು. ಬ್ರೂಟಸ್ ಹೇಳಿದ್ದು ಅದನ್ನೇ.

1858ರ ಕತೆ ನಿಮಗೆ ಗೊತ್ತಿರಬಹುದು. ರಾಜಾ ವೆಂಕಟಪ್ಪ ನಾಯಕ ಹೈದರಾಬಾದ್‌ನಲ್ಲಿ ಸಿಕ್ಕಿಬಿದ್ದ. ಮೊದಲು ಮರಣದಂಡನೆ, ಆಮೇಲೆ ಅದನ್ನು ಇಳಿಸಿ ಗಡೀಪಾರು, ಕೊನೆಗೆ ಗವರ್ನರ್ ಜನರಲ್ ಅದನ್ನೂ ಇಳಿಸಿ ಚೆಂಗಲ್‌ಪೇಟೆ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಅಂದ. ಒಯ್ಯುವ ದಾರಿಯಲ್ಲಿ, ಹೈದರಾಬಾದ್ ದಾಟುತ್ತಿದ್ದಂತೆ, ರಾಜ ಗುಂಡೇಟಿಗೆ ಸತ್ತ. ತಾನೇ ಹೊಡಕೊಂಡ ಅಂತ ಬ್ರಿಟಿಷ್ ದಾಖಲೆ. ಹೌದಾ ಅಂತ ಸುರಪುರದಲ್ಲಿ ಇವತ್ತಿಗೂ ಕೇಳ್ತಾರೆ.

ಜೈಲಿನಲ್ಲಿ ಟೇಲರ್ ಅವನನ್ನು ಕಂಡ ಪ್ರಸಂಗ ಪುಸ್ತಕದ ಅತ್ಯುತ್ತಮ ಭಾಗ. ಹುಡುಗ ಬಂದು ತಬ್ಬಿಕೊಳ್ತಾನೆ, ಸಾಹೇಬನಿಗೂ ದುಃಖ ತಡೆಯೋದಿಲ್ಲ. ಅದು ನಾಟಕ ಅಂತ ನನಗೆ ಅನ್ನಿಸಲಿಲ್ಲ. ಅವನಿಗೆ ನಿಜವಾಗಿ ನೋವಾಗಿದೆ. ಆದರೆ ಆಮೇಲೆ ಅವನು ಒಂದು ಜಾತಕದ ಕತೆ ಹೇಳ್ತಾನೆ. ಇಪ್ಪತ್ನಾಲ್ಕನೇ ವಯಸ್ಸಿಗೆ ರಾಜ ಸಾಯ್ತಾನೆ ಅಂತ ಮೊದಲೇ ಬರೆದಿತ್ತಂತೆ, ಆ ಗುಟ್ಟು ಅವನಿಗೆ ಗೊತ್ತಿತ್ತಂತೆ. ಅಷ್ಟು ವರ್ಷ ಸರ್ವೆ, ಲೆಕ್ಕ, ಕಾನೂನು ಅಂದ ಮನುಷ್ಯ ಕೊನೆಗೆ ಹಣೆಬರಹದ ಬಾಗಿಲಿಗೆ ಬಂದು ನಿಲ್ತಾನೆ. ಓದುಗರು ಇಲ್ಲಿ ಕಣ್ಣೊರೆಸಿಕೊಳ್ತಾರೆ, ನಾನೂ ಒರೆಸಿಕೊಂಡೆ. ಆದರೆ ಜಾತಕ ಮಾಡುವ ಕೆಲಸ ಗಮನಿಸಿ: ಹೊಣೆ ಯಾರದ್ದು ಅನ್ನೋ ಪ್ರಶ್ನೆ ಅಲ್ಲಿಗೆ ಮುಗಿದುಹೋಗ್ತದೆ. ಗ್ರಹಗಳದ್ದು ತಪ್ಪು, ಕಂಪನಿಯದ್ದಲ್ಲ, ಸಾಹೇಬನದ್ದೂ ಅಲ್ಲ.

ಆಮೇಲಾಗಿದ್ದು ಇನ್ನೂ ಮುಖ್ಯ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. 1857ರಲ್ಲಿ ತಮ್ಮ ಕಡೆ ನಿಂತಿದ್ದಕ್ಕೆ ಬಹುಮಾನ. ಅದೇ ಒಪ್ಪಂದದಲ್ಲಿ ನಿಜಾಮನ 50 ಲಕ್ಷ ರೂಪಾಯಿ ಸಾಲವೂ ಮನ್ನಾ ಆಯ್ತು, ರಾಯಚೂರು ದೋಆಬ್ ವಾಪಸ್ ಹೋಯ್ತು. ಅಂದರೆ ನಮ್ಮ ತಾಲೂಕು ಖಾತೆಪುಸ್ತಕದ ಒಂದು ಸಾಲು. ಸುರಪುರದ ಒಬ್ಬ ಮನುಷ್ಯನನ್ನೂ ಯಾರೂ ಏನೂ ಕೇಳಲಿಲ್ಲ.

ಅಮೆರಿಕದಲ್ಲಿ ಕೇಳಿದ್ದರು. ಎಲ್ಲರನ್ನಲ್ಲ. ಗುಲಾಮರನ್ನು ಕೇಳಲಿಲ್ಲ, ಬದಲಿಗೆ ಅವರನ್ನು ಐದಕ್ಕೆ ಮೂರರಂತೆ ಎಣಿಸಿ ಯಜಮಾನರ ರಾಜ್ಯಗಳ ಸೀಟು ಹೆಚ್ಚಿಸಿದರು. ಹೆಂಗಸರನ್ನು, ಮೂಲನಿವಾಸಿಗಳನ್ನು ಕೇಳಲಿಲ್ಲ. ಅದನ್ನು ಮರೆತು ಫಿಲಡೆಲ್ಫಿಯಾಕ್ಕೆ ಕೈಮುಗಿಯೋದು ಬೇಡ. ಆದರೂ ರಾಜ್ಯ ರಾಜ್ಯಗಳಲ್ಲಿ ಜನ ಆರಿಸಿದ ಸಭೆಗಳು ಕೂತು, ಬೈದಾಡಿ, ಮತ ಹಾಕಿದವು. ರೋಡ್ ಐಲ್ಯಾಂಡ್ 1790ರವರೆಗೆ ಒಲ್ಲೆ ಅಂತ ಕೂತಿತ್ತು. ಹಾಗೆ ಒಲ್ಲೆ ಅನ್ನುವ ಸರದಿ ಸುರಪುರಕ್ಕೆ ಬರಲೇ ಇಲ್ಲ.

1948ರಲ್ಲೂ ಬರಲಿಲ್ಲ ಅಂತ ಬರೆದರೆ ಕಾಕಾಗೆ ಸಿಟ್ಟು ಬರ್ತದೆ. "ರಜಾಕಾರರ ಕಾಲ್ದಾಗ ಯಾರಿಗ್ ಏನ್ ಕೇಳಾದು? ಪಟೇಲರು ದಂಡ ಕಳಸಲಿಲ್ಲಂದ್ರ ನಾವ್ ಇರ್ತಿದ್ವಿ ಏನು?" ಅವರ ಮಾತು ನಿಜ. ನಮ್ಮ ಮುತ್ಯಾ ಆಗ ಹೊಲದಲ್ಲಿ ಅಡಗಿ ರಾತ್ರಿ ಕಳೆದವರು. ದೂರದ ಬಲವಾದ ಕೇಂದ್ರ ಬಾರದೆ ಹೋಗಿದ್ದರೆ ನಮಗೆ ಉಳಿಗಾಲ ಇರಲಿಲ್ಲ. ಇದೂ ನಿಜ: ಆ ಸೆಪ್ಟೆಂಬರ್ ಎಲ್ಲರ ಮನೆಯಲ್ಲೂ ಒಂದೇ ಥರ ಇರಲಿಲ್ಲ. ಕಾರ್ಯಾಚರಣೆ ಮುಗಿದ ಮೇಲೆ ಮುಸ್ಲಿಮರ ಮೇಲೆ ನಡೆದ ಕೊಲೆಗಳ ಬಗ್ಗೆ ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ವರದಿ ಕೊಟ್ಟಿತ್ತು, ಅದು ದಶಕಗಟ್ಟಲೆ ಹೊರಗೆ ಬರಲಿಲ್ಲ. ಝಂಡಾ ಏರಿಸುವಾಗ ಎರಡನ್ನೂ ನೆನೆಯುವಷ್ಟು ದೊಡ್ಡವರು ನಾವಾಗಬೇಕು.

ಆ ಸೆಪ್ಟೆಂಬರ್ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟರು. ಅಮೆರಿಕವನ್ನು ಹೆಸರಿಸಿಯೇ ವ್ಯತ್ಯಾಸ ಹೇಳಿದರು. ನಮ್ಮ ಒಕ್ಕೂಟ ರಾಜ್ಯಗಳು ಸೇರಿ ಮಾಡಿಕೊಂಡ ಕರಾರಲ್ಲ, ಹಾಗಾಗಿ ಬಿಟ್ಟು ಹೋಗುವ ಹಕ್ಕೂ ಯಾರಿಗೂ ಇಲ್ಲ ಅನ್ನೋದು ಅವರ ವಿವರಣೆ. ಅದೇ ಭಾಷಣದಲ್ಲಿ, ಹಳ್ಳಿಯೇ ಆಡಳಿತದ ಬುನಾದಿ ಆಗಬೇಕು ಅನ್ನುವವರಿಗೆ ಕಟುವಾದ ಉತ್ತರವನ್ನೂ ಕೊಟ್ಟರು. ಹಳ್ಳಿ ಅನ್ನೋದು ಸಂಕುಚಿತತೆಯ, ಅಜ್ಞಾನದ ಗೂಡು ಅನ್ನುವ ಅರ್ಥದ ಮಾತು. ಕಾಲೇಜಲ್ಲಿ ಮೊದಲ ಸಲ ಇದನ್ನು ಓದಿದಾಗ ಹಳ್ಳಿಯವನಾದ ನನಗೆ ಚುಚ್ಚಿತು. ಆಮೇಲೆ ನಮ್ಮೂರ ಹೋಟೆಲ್ ಹೊರಗೆ ಬೇರೆ ಇಟ್ಟಿರುತ್ತಿದ್ದ ಗ್ಲಾಸುಗಳು ನೆನಪಾದವು, ಸುಮ್ಮನಾದೆ. ಬ್ರೂಟಸ್ ಹತ್ತಿರದ ಸರ್ಕಾರ ಜನರಿಗೆ ಹತ್ತಿರ ಅಂತಾನೆ. ಯಾವ ಜನರಿಗೆ ಅಂತ ಅಂಬೇಡ್ಕರ್ ಕೇಳ್ತಾರೆ.

ಇದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ನಮ್ಮದು ಶಹಾಪುರ ತಾಲೂಕಿನಲ್ಲಿ ಕಾಲುವೆ ಕೊನೇ ಭಾಗದ ಹೊಲ. ನಾರಾಯಣಪುರ ಡ್ಯಾಮಿನ ಎಡದಂಡೆ ಕಾಲುವೆ ನಮ್ಮ ಕಡೆ ಬಂದಾಗ ಊರು ಹಬ್ಬ ಮಾಡಿತ್ತು. ಯೋಜನೆ ಹಾಕಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗೆ. ಮೇಲಿನ ಭಾಗದವರು ಭತ್ತ ಹಚ್ಚಿದರು. ಅವರ ಗದ್ದೆಯಲ್ಲಿ ಮೊಣಕಾಲುದ್ದ ನೀರು, ನಮ್ಮ ಹೊಲದ ಕಾಲುವೆಯಲ್ಲಿ ಜಾಲಿಗಿಡ. ಒಂದು ವರ್ಷ ಮೆಣಸಿನಕಾಯಿ ಗಿಡ ಹೂವಿಗೆ ಬಂದಾಗ ನೀರು ನಿಂತುಹೋಯ್ತು. ಅಪ್ಪ ಸೈಕಲ್ ಮೇಲೆ ಮೇಲಿನ ಊರುಗಳಿಗೆ ಹೋಗಿ ಕೈಮುಗಿದು ಬಂದರು. ಮನೆಗೆ ಬಂದು ಹೇಳಿದ್ದು ಒಂದೇ ಮಾತು: "ಅವ್ರೇನ್ ಬ್ಯಾರೇ ದೇಶದವ್ರೇನು? ನಮ್ಮ ಬೀಗರ ಊರೇ ಅದು."

ಆ ವರ್ಷವೇ ನಮ್ಮ ಓಣಿಯ ಅರ್ಧ ಜನ ಗುಳೆ ಹೋದರು. ಈಗ ನನ್ನ ಆಫೀಸಿನ ಪಕ್ಕದಲ್ಲಿ ಏಳುತ್ತಿರುವ ಟವರಿನ ಶೆಡ್ಡುಗಳ ಮುಂದೆ ನಡೆದುಹೋಗುವಾಗ ನಮ್ಮ ಕಡೆಯ ಮಾತು ಕಿವಿಗೆ ಬೀಳ್ತದೆ. ಒಮ್ಮೆ ನಿಂತು ಯಾವೂರು ಅಂತ ಕೇಳಿದೆ. ಹುಣಸಗಿ ಕಡೆ ಅಂದರು. ಡ್ಯಾಮಿನ ಬಗಲಲ್ಲೇ ಇರುವ ಊರು.

ಕಾಲುವೆ ಕೊನೆಯವನಿಗೆ ಯಾವಾಗಲೂ ದೂರದ ಸರ್ಕಾರವೇ ಆಸೆ. ನಡುವಿನವರು ಅವನ ಪಾಲು ತಿನ್ನುವಾಗ ಅವನು ತಲೆ ಎತ್ತಿ ಡ್ಯಾಮಿನ ಕಡೆ ನೋಡ್ತಾನೆ. ನಮ್ಮ ಭಾಗದ ರಾಜಕೀಯ ಇಷ್ಟೇ. ನಿಜಾಮನ ಕಾಲದಲ್ಲಿ ದಿಲ್ಲಿ ಕಡೆ ನೋಡಿದೆವು. 1956ರ ನವೆಂಬರ್ 1ಕ್ಕೆ ಕನ್ನಡದವರೆಲ್ಲ ಒಂದಾಗಿ ಮೈಸೂರು ರಾಜ್ಯ ಆದಾಗ ಸಂತೋಷಪಟ್ಟೆವು. ಸುಮಾರು ಐವತ್ತು ವರ್ಷದ ನಂತರ, 2002ರಲ್ಲಿ, ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರೊಳಗೆ. ಭಾಷೆ ಒಂದೇ ಇದ್ದರೂ ನೀರು ಮೇಲಿನವರ ಗದ್ದೆಯಲ್ಲೇ ನಿಂತಿತ್ತು.

ಆಗ ಮತ್ತೆ ದಿಲ್ಲಿ. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ನಂತರ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371ಜೆ ಸೇರಿಸಿತು. ಒಂದು ರಾಜ್ಯ ತನ್ನದೇ ಒಂದು ಭಾಗಕ್ಕೆ ನ್ಯಾಯ ಕೊಡುವ ಹಾಗೆ ಮಾಡೋಕೆ ದೇಶದ ಸಂವಿಧಾನವೇ ಕೈಹಾಕಬೇಕಾಯ್ತು. ಮ್ಯಾಡಿಸನ್ ನೋಡಿದ್ದರೆ, ನಾನು ಹೇಳಿದ್ದು ಇದನ್ನೇ ಅನ್ನುತ್ತಿದ್ದ. ನಮ್ಮ ಭಾಗದ ಕಾಲೇಜುಗಳಲ್ಲಿ 70%, ಉಳಿದ ರಾಜ್ಯದಲ್ಲಿ 8% ಸೀಟು ನಮ್ಮ ಮಕ್ಕಳಿಗೆ. ನಾನು ಬಿಇ ಸೇರಿದಾಗ ಇದು ಇರಲಿಲ್ಲ. ನಮ್ಮ ಅಕ್ಕನ ಮಗಳಿಗೆ ಇದರಿಂದಲೇ ಸೀಟು ಸಿಕ್ಕಿತು. ಆಫೀಸಲ್ಲಿ ಯಾರಾದರೂ ಮೀಸಲಾತಿಯ ಬಗ್ಗೆ ನಗೆಯಾಡಿದರೆ ನಾನು ಅವಳ ಹಾಸ್ಟೆಲ್ ಕತೆ ಹೇಳ್ತೇನೆ.

ಇಲ್ಲಿಗೆ ನಿಲ್ಲಿಸಿದರೆ ನಾನೂ ಟೇಲರ್ ಥರ ಪುಸ್ತಕ ಬರೆದ ಹಾಗೆ. ದೂರದವರು ಬಂದರು, ಒಳ್ಳೇದಾಯ್ತು, ಮುಗೀತು. ಆದರೆ ಯಾದಗಿರಿ 2009ರ ಡಿಸೆಂಬರ್ 30ಕ್ಕೆ ಬೇರೆ ಜಿಲ್ಲೆಯಾಯ್ತು, 371ಜೆ ಬಂತು, ಮಂಡಳಿ ಬಂತು, ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಅಂತಲೂ ಆಯ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮಾತ್ರ 2023ರಲ್ಲೂ 2024ರಲ್ಲೂ ನಮ್ಮ ಜಿಲ್ಲೆಯದ್ದೇ ಕೊನೇ ಸ್ಥಾನ. ಸೀಟು ಮೀಸಲಿದೆ, ಸೀಟಿನವರೆಗೆ ಮಗು ಬರಬೇಕಲ್ಲ! ಅದಕ್ಕೆ ಊರಿನ ಶಾಲೆಗೆ ಮಾಸ್ತರರು ಬೇಕು. ಊರಿನವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಒಬ್ಬ ಮನುಷ್ಯ ಊರಿಗೆ ಹತ್ತಿರದಲ್ಲೇ ಬೇಕು. ದಿಲ್ಲಿ ಹಕ್ಕು ಕೊಡಬಹುದು, ಶಾಲೆಯ ಹಾಜರಿ ಪುಸ್ತಕ ನೋಡೋಕೆ ದಿಲ್ಲಿಯಿಂದ ಯಾರೂ ಬರೋಲ್ಲ. ಇಲ್ಲಿ ಬ್ರೂಟಸ್ ಸರಿ.

ಹಾಗಾಗಿ ಟೇಲರ್ ಪುಸ್ತಕದ ಬಗ್ಗೆ ನನ್ನ ತೀರ್ಪು ಇಷ್ಟು. ಓದಲೇಬೇಕಾದ ಪುಸ್ತಕ. ನಮ್ಮ ಭಾಗದ ಬಗ್ಗೆ ಆ ಕಾಲದಲ್ಲಿ ಅಷ್ಟು ಕಣ್ಣಿಟ್ಟು, ಅಷ್ಟು ಅಕ್ಕರೆಯಿಂದ ಬರೆದವರು ಬಹಳ ಇಲ್ಲ. ಆದರೆ 'ಒಳ್ಳೆ ಸಾಹೇಬ' ಅನ್ನುವ ಕತೆಗೆ ನಾವು ಸೋಲಬಾರದು. ಆ ಕತೆ ನಮಗೆ ಒಗ್ಗಿಹೋಗಿದೆ. ಇವತ್ತಿಗೂ ಒಬ್ಬ ಖಡಕ್ ಡಿಸಿ ಬಂದರೆ ಹೂಮಾಲೆ, ವಿಡಿಯೋ, ಅವರಿಗೆ ವರ್ಗ ಆದರೆ ರಸ್ತೆಯಲ್ಲಿ ಅಳು. ಹೊಸಬರು ಬಂದ ಮೇಲೆ ಮತ್ತೆ ಮೊದಲಿನಂತೆ. ಸುರಪುರದ ರಾಜಕುಮಾರ ಸಾಹೇಬನಿಗೆ 'ಅಪ್ಪಾ' ಅಂದಿದ್ದು ಮಗುವಿನ ಪ್ರೀತಿ, ಅದಕ್ಕೆ ನನ್ನ ತಕರಾರಿಲ್ಲ. ಪ್ರಜೆಗಳಾದ ನಾವು ಅಧಿಕಾರಿಗೆ, ಮಂತ್ರಿಗೆ, ದಿಲ್ಲಿಗೆ ಹಾಗೆ ಅನ್ನಬಾರದು. ಅಪ್ಪನ ಹತ್ತಿರ ಯಾರೂ ಲೆಕ್ಕ ಕೇಳೋಲ್ಲ.

ಕಳೆದ ಸಲ ಊರಿಗೆ ಹೋದಾಗ ಇದೆಲ್ಲ ಕಾಕಾಗೆ ಹೇಳಿದೆ. ಕಟ್ಟೆ ಮೇಲೆ ಕೂತು ಅಡಿಕೆ ಕತ್ತರಿಸ್ತಾ ಪೂರ್ತಿ ಕೇಳಿದರು. ಆಮೇಲೆ, "ಎಲ್ಲಾ ಖರೇ ಅದ ತಮ್ಮಾ. ಮುಂದಿನ ತಿಂಗಳ ನೀರ ಬಿಡೋ ಮೀಟಿಂಗ್ ಅದ. ಮ್ಯಾಲಿನ ಊರವ್ರು ಟ್ರ್ಯಾಕ್ಟರ್ ತುಂಬಾ ಬರ್ತಾರ. ನಮ್ಮೂರಿಂದ ಹೋಗಾವ್ರು ನಾನು, ನಿಮ್ಮಪ್ಪ ಇಬ್ರೇ. ನೀ ಬರ್ತಿ ಏನು?" ಅಂದರು.

ರಜೆ ಹಾಕಿದ್ದೇನೆ.